ಮಗುಚಿ ತೇಲಿದ ಮೂರು ಮೀನು

"ಮೀನು ಸತ್ತಿಲ್ರೀ ಮೇಡಂ. ಅದ ನನಗ ಹೆಚ್ಚಿನ ಹೆದರಿಕಿ," ಎಂದರು ಹರಿಪ್ರಸಾದ.

ಆಗ ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮಂದಾಕಿನಿಯವರ ಫ್ಲಾಟಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಸುಳ್ಳು ಕ್ಲೇಮುಗಳನ್ನು ಹಿಡಿದು ನಿವೃತ್ತರಾದ ಅವರ ಬಳಿಗೆ ಸುತ್ತಲಿನ ಕನ್ನಡಿಗರು ತಮ್ಮ ತೊಡಕುಗಳನ್ನು ತರುತ್ತಿದ್ದರು. ಹರಿಪ್ರಸಾದ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ.

ಅವರ ಮೊದಲ ಹೆಂಡತಿ ಎರಡು ವರ್ಷದ ಹಿಂದೆ ಹೊಟ್ಟೆ ಉಬ್ಬಿ ತೀರಿಕೊಂಡಿದ್ದರು. ಆಗ ಮನೆಗೆ ಬಂದು ಶುಶ್ರೂಷೆ ಮಾಡಿದ ನರ್ಸ್ ಮೇದಿನಿಯೇ ಈಗಿನ ಹೆಂಡತಿ. ತೀರಿಕೊಂಡವರು ಸಾಕಿದ್ದ ಮೂರು ಗೋಲ್ಡ್‌ಫಿಶ್ ಮಗಳು ಗಗನಾಳ ಕೋಣೆಯಲ್ಲಿದ್ದವು. ಒಂದು ತಿಂಗಳಿಂದ ಅವುಗಳ ಹೊಟ್ಟೆ ಉಬ್ಬುತ್ತಿತ್ತು.

"ಗಗನಾನ ದೊಡ್ಡಮ್ಮ ಪದ್ಮಾವತಿ ಬಂದಾರ. 'ನನ್ನ ತಂಗಿ ಹೊಟ್ಟಿನೂ ಹಿಂಗ ಉಬ್ಬಿತ್ತು, ಇವತ್ತ ಮೀನು, ನಾಳೆ ಹುಡುಗಿ' ಅಂತಾರ. ಮೇದಿನಿ ಬಟ್ಟಿ ಕಟ್ಟಿಕೊಂಡು ಸೂರತ್ತಿಗೆ ತವರಿಗೆ ಹೊಂಟಾಳ."

ಮಧ್ಯಾಹ್ನವೇ ಹೋದೆವು. ಗಗನಾಳ ಕೋಣೆಯ ಪರದೆ ಎಳೆದಿತ್ತು. ಸತ್ತವರ ಫೋಟೊ ಕೆಳಗೆ ತೊಟ್ಟಿ ಗೊರಗೊರ ಎನ್ನುತ್ತಿತ್ತು. ಮೂರೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆದರೆ ಬಾಯಿ ತೆರೆದು ಮುಚ್ಚುತ್ತಿದ್ದವು. ರೆಪ್ಪೆಯಿಲ್ಲದ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು. ಒಂದರ ಹಿಂದೆ ಬಿಳಿ ದಾರದಂಥ ಮಲ ಜೋತಾಡುತ್ತಿತ್ತು.

ಮಂದಾಕಿನಿ ನೀರಿನ ಮೇಲಿನ ಎಣ್ಣೆಯ ಪೊರೆಯನ್ನು ಬೆರಳಿಗೆ ತಾಗಿಸಿ ಮೂಸಿದರು. ತಳದ ಕಲ್ಲುಗಳ ನಡುವಿನಿಂದ ಒಂದು ಓಂಕಾಳನ್ನು ಎತ್ತಿದರು.

"ನಡುವ ಒಮ್ಮೆ ಮೇದಿನಿ ತವರಿಗೆ ಹೋದಾಗ ನಾಕು ದಿನ ಹೋಟೆಲ್ ಊಟ. ಮೀನು ನೆಟ್ಟಗಾಗಿದ್ವು," ಎಂದರು ಪದ್ಮಾವತಿ. "ಇನ್ನೇನು ಸಾಕ್ಷಿ ಬೇಕ್ರಿ?"

ಹದಿನಾಲ್ಕರ ಗಗನಾ ಬಾಗಿಲಿಗೆ ಒರಗಿ ನಿಂತಿದ್ದಳು. ಕೆನ್ನೆ ಬತ್ತಿತ್ತು, ಚೌಕಟ್ಟಿಗೆ ಎತ್ತಿ ಹಿಡಿದ ಕೈಯ ಬಳೆ ಮೊಣಕೈವರೆಗೆ ಜಾರಿತ್ತು.

"ಊಟ ಎಲ್ಲಿ ಮಾಡ್ತೀಯಮ್ಮ?" ಎಂದು ಮಂದಾಕಿನಿ ಕೇಳಿದರು.

"ಇಲ್ಲೇ ಆಂಟಿ, ರೂಮಲ್ಲಿ. ಹೋಮ್‌ವರ್ಕ್ ಇರುತ್ತೆ."

ಮಂದಾಕಿನಿ ಮೇದಿನಿಗೆ ಕೆಲವು ದಿನ ನಿಲ್ಲಲು ಹೇಳಿ, ತೊಟ್ಟಿಯನ್ನು ನಮ್ಮ ಫ್ಲಾಟಿಗೆ ತರಿಸಿದರು. ಮೂರು ದಿನ ಮೀನುಗಳಿಗೆ ಉಪವಾಸ. ನಾಲ್ಕನೆಯ ದಿನ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು ಚೂರು ಹಾಕಿದರು. ಐದನೆಯ ಬೆಳಿಗ್ಗೆ ಮೂರೂ ನೆಟ್ಟಗೆ ಈಜುತ್ತಿದ್ದವು. ಆಗ ಎಲ್ಲರನ್ನೂ ಕರೆಸಿದರು.

"ವಿಷವಾಗಿದ್ದರೆ ತಿಂಗಳಲ್ಲಿ ಒಂದಾದರೂ ಸಾಯಬೇಕಿತ್ತು. ಇವಕ್ಕೆ ಆಗಿದ್ದು ಮಲಬದ್ಧತೆ," ಎಂದರು. "ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಜಠರ ಇಲ್ಲ, ಬರೀ ಕರುಳು. ಹಿಟ್ಟು ಅದರೊಳಗೆ ಕಟ್ಟಿಕೊಂಡು ಉಬ್ಬಿದರೆ ಮೀನು ಸಮತೋಲ ತಪ್ಪಿ ಮಗುಚುತ್ತದೆ. ಎಣ್ಣೆ, ಓಂಕಾಳು: ಅದು ಮೇದಿನಿ ಹಿಟ್ಟಿಗೆ ಓಂಕಾಳು ಹಾಕಿ ಮಾಡುವ ಚಪಾತಿ. ಆದರೆ ಹಾಕಿದ್ದು ಮೇದಿನಿಯಲ್ಲ. ಊಟದ ತಟ್ಟೆ ಆ ಕೋಣೆಗೆ ಹೋಗುತ್ತಿದ್ದದ್ದು ಒಬ್ಬಳ ಜೊತೆ. ಮೀನು ಉಬ್ಬಿದಷ್ಟೂ ಸೊರಗಿದವಳೂ ಅವಳೇ. ಹೋಟೆಲ್ ಊಟದ ಮೇಲೆ ಅವಳಿಗೆ ಅನುಮಾನ ಇರಲಿಲ್ಲ. ಆ ನಾಲ್ಕು ದಿನ ತಾನೇ ತಿಂದಳು."

ಗಗನಾ ತೊಟ್ಟಿಯ ಬಳಿಗೆ ಬಂದಳು. "ನಾನು ಟೆಸ್ಟ್ ಮಾಡ್ತಿದ್ದೆ ಆಂಟಿ. ಅಮ್ಮನಿಗೆ ಅವ್ರೇ ಏನೋ ಕೊಟ್ರು ಅಂತ ದೊಡ್ಡಮ್ಮ ಫೋನಲ್ಲಿ ಹೇಳಿದ್ರು. ಫಸ್ಟ್ ಫಿಶ್‌ಗೆ ಹಾಕ್ದೆ. ಅದು ಉಲ್ಟಾ ಆಯ್ತು. ಆಮೇಲೆ ನಂಗೆ ತಿನ್ನೋಕೇ ಆಗ್ಲಿಲ್ಲ."

ತಿಂಗಳಿಡೀ ಆ ಮಗು ಸಾವನ್ನು ಎದುರಿಗಿಟ್ಟುಕೊಂಡು ಹಸಿದಿತ್ತು.

ಮಂದಾಕಿನಿ ಹರಿಪ್ರಸಾದರಿಂದ ತರಿಸಿದ್ದ ಆಸ್ಪತ್ರೆ ಕಾಗದಗಳನ್ನು ಪದ್ಮಾವತಿಯ ಮುಂದಿಟ್ಟರು. "ನಿಮ್ಮ ತಂಗಿಗಿದ್ದದ್ದು ಲಿವರ್ ಕಾಯಿಲೆ. ತಾರೀಖು ನೋಡಿ. ಮೇದಿನಿ ಈ ಮನೆಗೆ ಕಾಲಿಡುವ ಎರಡು ವರ್ಷ ಮೊದಲೇ ಗೊತ್ತಾಗಿತ್ತು."

"ಆಕಿ ನನಗ ಹೇಳಲೇ ಇಲ್ಲ," ಎಂದರು ಪದ್ಮಾವತಿ.

"ನೀವು ಹೆದರ್ತೀರಿ, ಹೇಳಬೇಡಿ ಅಂತ ನಿಮ್ಮ ತಂಗಿನೇ ನಮ್ಮಿಬ್ಬರಿಂದ್ಲೂ ಮಾತು ತಗೊಂಡಿದ್ರು," ಎಂದಳು ಮೇದಿನಿ. ಎದ್ದು ನಮ್ಮ ಅಡುಗೆಮನೆಗೆ ಹೋದಳು. ಲಟ್ಟಣಿಗೆಯ ಸದ್ದು ಕೇಳಿಸಿತು. ಬಿಸಿ ಚಪಾತಿ ತಂದು ಎರಡಾಗಿ ಹರಿದು, ಅರ್ಧವನ್ನು ಎಲ್ಲರೆದುರು ತಾನು ತಿಂದಳು. ಇನ್ನರ್ಧವನ್ನು ಚಾಚಿದಳು.

ಗಗನಾ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ತೆಗೆದುಕೊಂಡು, ಅಳುತ್ತಲೇ ಗಬಗಬನೆ ತಿಂದಳು.

ಪದ್ಮಾವತಿ ಕಣ್ಣೊರೆಸಿಕೊಂಡು ಮೇದಿನಿಯತ್ತ ಕೈ ಚಾಚಿದರು. "ನನಗೂ ಒಂದು ಕೊಡವ್ವಾ."