ಬರ್ತೀನಿ ಎಂದವರ ತೋಟ

ಬಹಳ ಹಿಂದೆ, ಆನೆಗಳು ಇನ್ನೂ ಅರಮನೆಯ ಕೆಲಸಕ್ಕೆ ಸೇರದಿದ್ದ ಕಾಲದಲ್ಲಿ, ಏಳ್ಕೆರೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರೂ ‘ಹೋಗ್ತೀನಿ’ ಎನ್ನುತ್ತಿರಲಿಲ್ಲ. ಹೊಸ್ತಿಲು ದಾಟುವವರು ‘ಬರ್ತೀನಿ’ ಎನ್ನಬೇಕು, ಮನೆಯಲ್ಲಿ ಉಳಿದವರು ‘ಹೋಗಿ ಬಾ’ ಎನ್ನಬೇಕು. ರಾಜ ಯುದ್ಧಕ್ಕೆ ಹೊರಟಾಗಲೂ ಅದೇ ಮಾತು, ಸೊಸೆ ಬಾವಿಗೆ ಹೊರಟಾಗಲೂ ಅದೇ ಮಾತು. ಒಮ್ಮೆ ಒಬ್ಬ ಕಳ್ಳ ತಂಬಿಗೆ ಕದ್ದು ಹೊರಡುವಾಗ ಬಾಯಿ ತಪ್ಪಿ ‘ಬರ್ತೀನಿ’ ಎಂದು ಸಿಕ್ಕಿಬಿದ್ದನಂತೆ. ಅಭ್ಯಾಸ ಎಂದರೆ ಹಾಗೆ.

ರಾಜ್ಯದ ಗಡಿಯಲ್ಲಿ, ಹೊಳೆಯ ಆಚೆ ದಡದಲ್ಲಿ, ಮೃಗಸೇನ ಎಂಬ ಮಾಂತ್ರಿಕನ ತೋಟವಿತ್ತು. ವರ್ಷಕ್ಕೊಂದು ದಿನ ಅದರ ಬಾಗಿಲು ತೆರೆಯುತ್ತಿತ್ತು. ಅಂದು ಯಾರು ಬೇಕಾದರೂ ಒಳಗೆ ಹೋಗಬಹುದು, ಕಂಡು ಕೇಳರಿಯದ ಮೃಗಗಳ ಮೈ ಸವರಬಹುದು, ಕೈಯಾರೆ ತಿನ್ನಿಸಬಹುದು. ಜನ ಬುತ್ತಿ ಕಟ್ಟಿಕೊಂಡು ಗುಂಪುಗುಂಪಾಗಿ ಹೋಗುತ್ತಿದ್ದರು. ಹೋದವರಲ್ಲಿ ಇಬ್ಬರೋ ಮೂವರೋ ಪ್ರತಿ ವರ್ಷ ಮನೆಗೆ ಬರುತ್ತಿರಲಿಲ್ಲ. ರಾಜಭಟರು ಕೇಳಿದರೆ ಮೃಗಸೇನ ಎದೆಯ ಮೇಲೆ ಕೈಯಿಟ್ಟು, “ನಾನು ಯಾರನ್ನೂ ಹಿಡಿದಿಟ್ಟಿಲ್ಲ, ಬೇಕಾದರೆ ಹುಡುಕಿ” ಎನ್ನುತ್ತಿದ್ದ. ಹುಡುಕಿದರೆ ಒಳಗೆ ಮೃಗಗಳಲ್ಲದೆ ಮನುಷ್ಯರು ಇರುತ್ತಿರಲಿಲ್ಲ. ಹೋದವರು ಹೋದರು, ಉಳಿದವರ ಕುತೂಹಲ ಹೋಗಲಿಲ್ಲ. ಮುಂದಿನ ವರ್ಷ ಮತ್ತೆ ಬುತ್ತಿ ಕಟ್ಟುತ್ತಿದ್ದರು.

ಹಾಗೆ ಬಾರದೇ ಹೋದವರಲ್ಲಿ ಹಾಲಪ್ಪ ಒಬ್ಬ. ಚಾಪೆ ಹೆಣೆಯುವ ನಾಗವ್ವನ ಮಗ, ದುಗ್ಗಿಯ ಅಣ್ಣ. ತೋಟಕ್ಕೆ ನಿನ್ನನ್ನೂ ಕರೆದೊಯ್ಯುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದ. ಆ ಬೆಳಗ್ಗೆ ಹರಿಗೋಲಿನಲ್ಲಿ ಒಬ್ಬರಿಗೆ ಮಾತ್ರ ಜಾಗ ಎಂದು ತಿಳಿದಾಗ, “ಮುಂದಿನ ವರ್ಷ ನೋಡೋಣ ಕಣೆ, ಬರ್ತೀನಿ” ಎಂದು ಹೊಸ್ತಿಲು ದಾಟಿದ. ದುಗ್ಗಿಗೆ ಸಿಟ್ಟು ನೆತ್ತಿಗೇರಿತ್ತು. “ಹೋಗು! ಬರಲೇಬೇಡ!” ಎಂದುಬಿಟ್ಟಳು. ಅವ್ವ ಬಾವಿಗೆ ಹೋಗಿದ್ದಳು, ಆ ಮಾತು ಅವಳಿಗೆ ಕೇಳಿಸಲಿಲ್ಲ. ದುಗ್ಗಿ ಅದನ್ನು ಯಾರಿಗೂ ಹೇಳಲಿಲ್ಲ. ಹೇಳದ ಆ ಮಾತನ್ನು ಒಂದು ವರ್ಷ ಹೊತ್ತು ತಿರುಗಿದಳು.

ವರ್ಷ ಕಳೆಯಿತು. ಡಂಗುರದವನು ಬಂದು, “ಈ ಸಲ ತೋಟದಲ್ಲಿ ಮೂರು ಹೊಸ ಮೃಗಗಳು! ಬನ್ನಿ, ನೋಡಿ!” ಎಂದು ಸಾರಿದ. ದುಗ್ಗಿ ಹೆಣೆಯುತ್ತಿದ್ದ ಚಾಪೆ ಬಿಟ್ಟು ಎದ್ದು ನಿಂತಳು. ಹೋದ ವರ್ಷ ಬಾರದವರು ಮೂವರು: ಒಬ್ಬ ಬಳೆಗಾರ, ಒಬ್ಬ ಓಲೆಕಾರ, ಒಬ್ಬ ಹಾಲಪ್ಪ. ಹೊಸ ಮೃಗಗಳೂ ಮೂರು.

“ಅವ್ವ, ನಾನು ತೋಟಕ್ಕೆ ಹೋಗಿ ಅಣ್ಣನ್ನ ಕರ್ಕೊಂಡೇ ಬರ್ತೀನಿ,” ಎಂದಳು.

ನಾಗವ್ವ ಮಗಳ ಮುಖ ನೋಡಿದಳು. ತಡೆದರೆ ನಿಲ್ಲುವ ಮುಖ ಅದಾಗಿರಲಿಲ್ಲ. “ಹೋಗಿ ಬಾ,” ಎಂದಳು, ಎರಡು ಸಲ.

ದುಗ್ಗಿಯ ಜೊತೆ ಅವಳ ಇಬ್ಬರು ಗೆಳೆಯರು ಹೊರಟರು. ಅವಲಕ್ಕಿ ಕುಟ್ಟುವವರ ಮನೆಯ ತಿಪ್ಪಣ್ಣ ಒಂದು ಮೂಟೆ ಅವಲಕ್ಕಿ ಹೊತ್ತು ಬಂದ. ಕುಂಬಾರರ ಮಂಕಾಳಿ ಏನೂ ಹೊತ್ತು ತರಲಿಲ್ಲ, ದಾರಿಯುದ್ದಕ್ಕೂ ಮಾತಾಡಿದಳು. ದುಗ್ಗಿಯ ಸೆರಗಿನಲ್ಲಿ ಮೂರು ಉಂಡೆ ಬೆಲ್ಲವಿತ್ತು. ಹಾಲಪ್ಪನಿಗೆ ಒಂದು ಅಭ್ಯಾಸ. ಬೆಲ್ಲ ಸಿಕ್ಕಿದರೆ ಅರ್ಧ ಕಚ್ಚಿ ತಿಂದು, ಉಳಿದರ್ಧವನ್ನು ತಂಗಿಯ ಕೈಗೆ ತಳ್ಳುತ್ತಿದ್ದ. ಎಂಜಲು ಎಂದು ಅವ್ವ ಬೈದರೂ ಬಿಟ್ಟಿರಲಿಲ್ಲ. ಆ ಅಭ್ಯಾಸವೊಂದೇ ದುಗ್ಗಿಯ ನಂಬಿಕೆ.

ತೋಟದೊಳಗೆ ಕಾಲಿಟ್ಟರೆ ಕಣ್ಣು ಸಾಲದು. ಹಂಡೆಯಷ್ಟು ದೊಡ್ಡ ಆಮೆಗಳು ಹುಲ್ಲು ಮೇಯುತ್ತಿದ್ದವು. ಹೊಟ್ಟೆಯಲ್ಲೇ ಚೀಲವಿದ್ದ ಒಂದು ಮೃಗ ಚೀಲದಲ್ಲಿ ಮರಿ ಇಟ್ಟುಕೊಂಡು ಕುಪ್ಪಳಿಸುತ್ತಿತ್ತು. ಮಂಕಾಳಿ ಚಪ್ಪಾಳೆ ತಟ್ಟಿ, “ಅಯ್ಯೋ, ನಮಗೂ ಇಂಥದೊಂದು ಚೀಲ ಇದ್ದಿದ್ರೆ ಸಂತೆಗೆ ಎಷ್ಟು ಅನುಕೂಲ!” ಎಂದಳು. ದುಗ್ಗಿ ನಿಲ್ಲಲಿಲ್ಲ. ಹೊಸ ಮೃಗಗಳು ಎಲ್ಲಿ ಎಂದು ಕೇಳುತ್ತಾ ನಡೆದಳು.

ಮೊದಲನೆಯದು ಉದ್ದ ಕತ್ತಿನ ಮೃಗ. ಅದರ ತಲೆ ಮರದ ತುದಿಯಲ್ಲಿತ್ತು. ದುಗ್ಗಿ ಬೆಲ್ಲ ಹಿಡಿದು, “ಅಣ್ಣಾ, ನೀನೇನಾ?” ಎಂದಳು. ಅದು ಕತ್ತು ಬಗ್ಗಿಸಿ ಬೆಲ್ಲವನ್ನು ಪೂರ್ತಿ ತಿಂದಿತು, ಆಮೇಲೆ ತಿಪ್ಪಣ್ಣನ ಮೂಟೆಗೂ ಮೂತಿ ಹಾಕಿತು. ಇದು ಅಣ್ಣನಲ್ಲ.

ಎರಡನೆಯದು ಹಾರಲಾರದ ಹಕ್ಕಿ, ಆಳೆತ್ತರ. ದುಗ್ಗಿ ಬೆಲ್ಲ ಹಿಡಿದು, “ಅಣ್ಣಾ, ನೀನೇನಾ?” ಎಂದಳು. ಅದು ಬೆಲ್ಲವನ್ನು ಗುಳುಂ ಎಂದು ನುಂಗಿ, ಯಾರದೋ ಓಲೆ ಮುಟ್ಟಿಸಬೇಕಾದವರಂತೆ ಓಡಿಹೋಯಿತು. ಇದೂ ಅಣ್ಣನಲ್ಲ.

ಮೂರನೆಯದು ಮೈತುಂಬ ಕಪ್ಪು ಬಿಳುಪು ಪಟ್ಟೆಯ ಕುದುರೆ. ದುಗ್ಗಿ ಕೊನೆಯ ಉಂಡೆ ಬೆಲ್ಲ ಹಿಡಿದಳು. “ಅಣ್ಣಾ, ನೀನೇನಾ?” ಎಂದಳು. ಕುದುರೆ ಬೆಲ್ಲವನ್ನು ಮೂಸಿತು. ಅರ್ಧ ಕಚ್ಚಿತು. ಉಳಿದರ್ಧವನ್ನು ಮೂತಿಯಿಂದ ಅವಳ ಅಂಗೈಗೆ ತಳ್ಳಿತು.

ದುಗ್ಗಿ ಅದರ ಕತ್ತು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿಸಿ, ಅರ್ಧ ಬೆಲ್ಲವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ನಿನ್ನ ಬಿಟ್ಟು ಈ ತೋಟದಿಂದ ಹೊರಡೋದಿಲ್ಲ,” ಎಂದಳು.

ಸಂಜೆಯ ನಗಾರಿ ಮೊಳಗಿತು. ಜನರೆಲ್ಲ ಹೊರಗೆ ಹೋದರು. ಈ ಮೂವರೇ ಕೊನೆಗೆ ಉಳಿದರು. ಉಪಾಯ ಹೊಳೆಯದೆ ಬಾಗಿಲಿಗೆ ಬಂದರೆ ಅಲ್ಲಿ ಮೃಗಸೇನ ನಿಂತಿದ್ದ. ಪ್ರತಿ ವರ್ಷ ಕೊನೆಗೆ ಉಳಿದವರನ್ನು ಮಾತ್ರ ಅವನು ಬಾಗಿಲಲ್ಲಿ ಮಾತಾಡಿಸುತ್ತಿದ್ದ. ನರೆತ ಗಡ್ಡ, ಜೇನಿನಂಥ ಮಾತು.

“ಹೊರಟ್ರಾ ಮಕ್ಕಳೇ?” ಎಂದ.

ಮಂಕಾಳಿ ಕೈಮುಗಿದು, “ಹೂಂ ಅಜ್ಜಾರೆ, ಬಹಳ ಚೆನ್ನಾಗಿತ್ತು. ಬರ್ತೀನಿ,” ಎಂದಳು. ಬಾಗಿಲು ದಾಟಿದಳು. ಆಚೆ ಒಂದು ಹೆಜ್ಜೆ ಇಟ್ಟದ್ದೇ ತಡ, ಅವಳ ಪಾದಗಳು ತಾವಾಗಿಯೇ ಹಿಂದಕ್ಕೆ ತಿರುಗಿದವು. ಒಳಗೆ ಬರುವಷ್ಟರಲ್ಲಿ ಮಂಕಾಳಿ ಐದು ಬಣ್ಣದ ದೊಡ್ಡ ಗಿಣಿಯಾಗಿದ್ದಳು.

ಮೃಗಸೇನ ನಕ್ಕ. “ಈ ಬಾಗಿಲಲ್ಲಿ ಕೇಳಿದ್ದಕ್ಕೆ ಆಡಿದ ಮಾತು ನಡೆದೇ ತೀರಬೇಕು, ಇದು ನಾನು ಕಟ್ಟಿದ ಮಾಯೆ. ಬರ್ತೀನಿ ಅಂದ್ಲು, ಬಂದ್ಲು. ನನ್ನದೇನು ತಪ್ಪು? ‘ಹೋಗ್ತೀನಿ’ ಅಂದವರನ್ನ ನಾನು ತಡೆಯಲ್ಲ. ಆದರೆ ಅವರು ಮತ್ತೆ ಯಾವತ್ತೂ ಇಲ್ಲಿ ಕಾಲಿಡೋ ಹಾಗಿಲ್ಲ.”

ತಿಪ್ಪಣ್ಣ ತನ್ನ ನಾಲಿಗೆಯನ್ನು ನಂಬಲಿಲ್ಲ. ಎರಡು ಹಿಡಿ ಅವಲಕ್ಕಿಯನ್ನು ಬಾಯಿಗೆ ತುರುಕಿಕೊಂಡು, ಮಾತಾಡದೆ ಬಾಗಿಲು ದಾಟಿ ಆಚೆ ನಿಂತ.

ದುಗ್ಗಿಗೆ ಎಲ್ಲ ಅರ್ಥವಾಯಿತು. ‘ಹೋಗ್ತೀನಿ’ ಎಂದರೆ ತಾನು ಪಾರಾದೇನು, ಅಣ್ಣ ಪಾರಾಗುವುದಿಲ್ಲ. ಅವಳು ಹೊಸ್ತಿಲ ಮೇಲೆ ಗಟ್ಟಿಯಾಗಿ ನಿಂತಳು.

“ಹೊರಟೆಯಾ ಮಗಳೇ?” ಎಂದ ಮೃಗಸೇನ.

“ಹೊರಡೋದಿರಲಿ ಅಜ್ಜಾರೆ. ಇಡೀ ದಿನ ಉಪಚಾರ ಮಾಡಿದ್ರಿ. ನಮ್ಮ ಕಡೆ ಅಂಥವರನ್ನ ಊಟಕ್ಕೆ ಕರೀದೆ ಹೊರಡೋ ಹಾಗಿಲ್ಲ. ನಾಳೆ ನಮ್ಮನೇಲಿ ಹೋಳಿಗೆ. ಊಟಕ್ಕೆ ಬರಬೇಕು.”

ಮೃಗಸೇನನನ್ನು ನೂರು ವರ್ಷದಿಂದ ಯಾರೂ ಊಟಕ್ಕೆ ಕರೆದಿರಲಿಲ್ಲ. ಅವನು ಗಡ್ಡ ಕೆರೆದುಕೊಂಡು, “ನೋಡೋಣ,” ಎಂದ. “ನೀನು ಹೊರಟೆಯಾ?”

“ನೋಡೋಣ ಅಂದ್ರೆ ಬರಲ್ಲ ಅಂತ ಅರ್ಥ. ನಮ್ಮವ್ವ ಬೇಜಾರು ಮಾಡ್ಕೋತಾಳೆ. ಹೂರಣಕ್ಕೆ ಏಲಕ್ಕಿ ಹಾಕಿರ್ತಾಳೆ.”

“ಆಗಲಿ, ಆಗಲಿ,” ಎಂದ ಮೃಗಸೇನ. ಬಾಯಲ್ಲಿ ನೀರೂರಿತ್ತು. “ಹೊರಟೆಯಾ ಇಲ್ವಾ?”

“ಬಿಸಿ ಹೋಳಿಗೆ ಅಜ್ಜಾರೆ, ಮೇಲೆ ಬೆರಳುದ್ದ ತುಪ್ಪ. ಎಲೆ ಹಾಕಿ ಕಾಯ್ತಾ ಕೂತಿರ್ತೀವಿ. ನೀವು ಬರದೆ ನಾವು ಕೈ ತೊಳೆಯೋದಿಲ್ಲ. ಒಂದು ತುತ್ತೂ—”

“ಬರ್ತೀನಿ, ಬರ್ತೀನಿ! ಮೊದಲು ನೀನು ಹೊರಡು ಮಾರಾಯ್ತಿ!” ಎಂದ ಮೃಗಸೇನ.

ಅಂದ ಮೇಲೆ ಅವನಿಗೆ ಹೊಳೆಯಿತು. ಅವನೂ ಹುಟ್ಟಿದ್ದು ಏಳ್ಕೆರೆಯಲ್ಲೇ ತಾನೇ? ಬಾಗಿಲಿಗೆ ಯಜಮಾನನೂ ಒಂದೇ, ಬಂದವನೂ ಒಂದೇ. ಅವನ ಪಾದಗಳು ತಿರುಗಿದವು, ಹೊಸ್ತಿಲು ದಾಟಿದವು, ನಾಳೆಯ ಊಟಕ್ಕೆ ಇವತ್ತೇ ದಡದಡನೆ ನಡೆದವು. “ಅಯ್ಯೋ! ಅಯ್ಯೋ!” ಎಂಬ ಕೂಗು ಹೊಳೆಯ ಕಡೆ ಹೋಯಿತು.

ಯಜಮಾನನಿಲ್ಲದ ಬಾಗಿಲಿಗೆ ಮಾಯೆ ಎಲ್ಲಿಯದು? ಒಳಗಿದ್ದವರೆಲ್ಲ ಎಂದೋ ತಮ್ಮ ತಮ್ಮ ಮನೆಯ ಹೊಸ್ತಿಲಲ್ಲಿ ‘ಬರ್ತೀನಿ’ ಎಂದು ಹೊರಟವರೇ. ಆ ಹಳೆಯ ಮಾತುಗಳು ಈಗ ಅವರನ್ನು ಎಳೆದವು. ಉದ್ದ ಕತ್ತಿನ ಮೃಗ ಬಾಗಿಲು ದಾಟಿ ಬಳೆಗಾರನಾಯಿತು. ಆಳೆತ್ತರದ ಹಕ್ಕಿ ಓಲೆಕಾರನಾಯಿತು, ಅವನು ನಿಲ್ಲದೆ ಓಡಿದ. ಗಿಣಿ ಮಂಕಾಳಿಯಾದಳು. ಅವಳ ಮಾತೇನೂ ಬದಲಾಗಲಿಲ್ಲ. ಆಮೆಗಳು ಕೊನೆಗೆ ಬಂದವು, ಪಾಪ, ಅವುಗಳ ನಡಿಗೆಯೇ ಅಷ್ಟು.

ಪಟ್ಟೆ ಕುದುರೆ ಮಾತ್ರ ಹೊಸ್ತಿಲಲ್ಲೇ ನಿಂತಿತು. ಗೊರಸು ಎತ್ತಿತು, ಇಳಿಸಿತು. ದಾಟಲಾಗಲಿಲ್ಲ.

“ಇದ್ಯಾಕೆ ಬರ್ತಿಲ್ಲ?” ಎಂದ ತಿಪ್ಪಣ್ಣ, ಅವಲಕ್ಕಿ ನುಂಗಿ.

ದುಗ್ಗಿಗೆ ಗೊತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವಳು ಕುದುರೆಯ ಮುಂದೆ ಬಂದು ನಿಂತಳು. “ನಾನೇ ಅಂದಿದ್ದೆ,” ಎಂದಳು. “ಹೊಸ್ತಿಲಲ್ಲಿ ನಿಂತು ಬರಲೇಬೇಡ ಅಂದಿದ್ದೆ. ನನ್ನ ಮಾತೇ ಇವನನ್ನ ಹಿಡಿದಿರೋದು. ತಪ್ಪಾಯ್ತು ಅಣ್ಣ, ದೊಡ್ಡ ತಪ್ಪಾಯ್ತು. ಬಾ. ಮನೆಗೆ ಬಾ.”

ಕುದುರೆ ಹೊಸ್ತಿಲು ದಾಟಿತು. ಪಟ್ಟೆಗಳು ಒಂದೊಂದಾಗಿ ಉದುರಿದವು. ಹಾಲಪ್ಪ ನಿಂತಿದ್ದ, ತುಟಿಯ ಮೇಲೆ ಬೆಲ್ಲದ ಪುಡಿ. ತಂಗಿಯ ಸೆರಗಿನ ಗಂಟು ನೋಡಿದ.

“ನಿನ್ನ ಪಾಲು ತಿಂದ್ಯೋ ಇಲ್ವೋ?” ಎಂದ.

ದುಗ್ಗಿ ಸೆರಗಿನ ಗಂಟು ಬಿಚ್ಚಿ, ಅರ್ಧ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಅಳುತ್ತಲೇ ಅಗಿದಳು.

ಮೃಗಸೇನ ಅಷ್ಟು ಹೊತ್ತಿಗೆ ನಾಗವ್ವನ ಜಗಲಿ ಸೇರಿದ್ದ. ಬಾಗಿಲು ಬಿಟ್ಟು ಬಂದವನಿಗೆ ಮಾಯೆಯೂ ಇಲ್ಲ, ಮಂತ್ರವೂ ಇಲ್ಲ, ಬರೀ ಹಸಿದ ಮುದುಕ. ಮಗ ಬಂದ ಸಂತೋಷಕ್ಕೆ ನಾಗವ್ವ ಮರುದಿನ ನಿಜವಾಗಿಯೇ ಹೋಳಿಗೆ ಮಾಡಿದಳು. ಕರೆದ ಮೇಲೆ ಬಡಿಸದೆ ಇರಲಾದೀತೇ? ಅವನಿಗೂ ಎಲೆ ಹಾಕಿದಳು, ಬೆರಳುದ್ದ ತುಪ್ಪವನ್ನೂ ಹಾಕಿದಳು. ಮೃಗಸೇನ ಆರು ಹೋಳಿಗೆ ತಿಂದು ಎದ್ದು, ಕೈ ತೊಳೆದು, ಅಭ್ಯಾಸಬಲದಿಂದ ಹೊಸ್ತಿಲಲ್ಲಿ ನಿಂತು, “ಬರ್ತೀನಿ ತಾಯಿ,” ಎಂದ.

ಅಂಗಳದ ತುಂಬ ಊರಿನ ಜನ ನೆರೆದಿದ್ದರು. ಬಳೆಗಾರನಿದ್ದ, ಓಲೆಕಾರನಿದ್ದ, ಆಮೆಗಳಾಗಿದ್ದ ಮುದುಕರಿದ್ದರು. ಏಳ್ಕೆರೆಯ ಇತಿಹಾಸದಲ್ಲಿ ಮೊದಲ ಸಲ ಎಲ್ಲರೂ ಒಂದೇ ದನಿಯಲ್ಲಿ, “ಹೋಗು!” ಎಂದರು.

ಅವನು ಹೋದ. ಮತ್ತೆ ಬರಲಿಲ್ಲ.

ಹಾಲಪ್ಪ, ದುಗ್ಗಿ, ನಾಗವ್ವ ಸುಖವಾಗಿ ಬಾಳಿದರು. ತಿಪ್ಪಣ್ಣನ ಅವಲಕ್ಕಿ ಖರ್ಚಾಯಿತು, ಮಂಕಾಳಿಯ ಮಾತು ಖರ್ಚಾಗಲಿಲ್ಲ. ಎಷ್ಟೇ ಸಿಟ್ಟು ಬಂದರೂ ದುಗ್ಗಿ ಹೊಸ್ತಿಲಲ್ಲಿ ನಿಂತು ಮತ್ತೆ ಯಾರಿಗೂ ಬರಿಯ ‘ಹೋಗು’ ಎನ್ನಲಿಲ್ಲ. ನನ್ನ ಕತೆ ಇಷ್ಟೇ. ಕೇಳಿದವರು ಈಗ ಹೊರಡಬಹುದು. ಹೋಗಿ ಬನ್ನಿ.