ತೂತು ಮುಚ್ಚಿದ ಕೈ

“ಮೂವತ್ತು ವರ್ಸ ಸಾಕಿದ ಕಾರ್ನ ನಮ್ಮಪ್ಪನೇ ಕೆಡಿಸ್ಬುಟ್ಟವ್ರೆ ಅಂತಾವ್ರೆ ಮೇಡಮ್. ಸಂಜೆ ಒಳಗೆ ಒಪ್ಕೊಳ್ದಿದ್ರೆ ಸ್ಟೇಷನ್‌ಗೆ ಕಂಪ್ಲೇಂಟ್ ಅಂತೆ. ನಮ್ಮಪ್ಪ ನೋಡುದ್ರೆ ಬಾಯೇ ಬುಡ್ತಿಲ್ಲ,” ಎಂದು ಕುಮಾರಿ ಕಣ್ಣೊರೆಸಿಕೊಂಡಳು.

ಚಾಮರಾಜನಗರದಲ್ಲಿ ಕಗ್ಗಂಟಾದ ವಿಷಯವೆಲ್ಲ ಕೊನೆಗೆ ಶಶಿರೇಖಾ ಅವರ ಜಗಲಿಗೇ ಬರುತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದರೂ ಅವರ ಕಣ್ಣಿಗೆ ನಿವೃತ್ತಿ ಇರಲಿಲ್ಲ. ಅವರಿಗೆ ಸ್ಕೂಟರ್ ಓಡಿಸಲು ಬಾರದು, ಪಕ್ಕದ ಮನೆಯ ಟೈಲರ್ ರಂಜಿನಿಗೆ ಸುಮ್ಮನಿರಲು ಬಾರದು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಅರ್ಧ ಹೊಲಿದ ರವಿಕೆಯನ್ನು ಮಿಷಿನ್ನಿನ ಮೇಲೆಯೇ ಬಿಟ್ಟು ರಂಜಿನಿ ಸ್ಕೂಟರ್ ತೆಗೆದಳು.

ಕುಮಾರಿ ಹೇಳಿದ್ದು ಇಷ್ಟು. ಅವಳ ಅಪ್ಪ ಮಾದಣ್ಣ ಗುಂಡ್ಲುಪೇಟೆಯ ಅರಿಶಿನದ ವ್ಯಾಪಾರಿ ಸಿದ್ದಮಲ್ಲಪ್ಪನವರ ಹಳೆಯ ಅಂಬಾಸಿಡರ್ ಕಾರಿನ ಡ್ರೈವರ್. ಯಜಮಾನರು ಕಾರು ಮಾರಲು ಹೊರಟಿದ್ದರು. ಹಳೇ ಕಾರುಗಳ ಹುಚ್ಚಿದ್ದ ಒಬ್ಬರು ಕೇರಳದಿಂದ ಬಂದು, ಅದೇ ದಾರಿಯ ಮದ್ದೂರಿನ ಕಡೆ ಓಡಿಸಿ ನೋಡುವಾಗ ಎಂಜಿನ್ ಲಟಲಟ ಬಡಿದುಕೊಂಡು ನಿಂತೇ ಹೋಯಿತು. ಎಂಜಿನ್ನಿಗೆ ಪೆಟ್ರೋಲು ಎಳೆದುಕೊಡುವ ಪಂಪಿನ ತಳದ ತೂತನ್ನು ಯಾರೋ ಮೆತ್ತಿ ಮುಚ್ಚಿದ್ದಾರೆ, ಅದರಿಂದಲೇ ಎಂಜಿನ್ ಹಾಳಾಯಿತು ಎಂದು ಮೆಕ್ಯಾನಿಕ್ ಹೇಳಿಬಿಟ್ಟ. ಕಾರು ಮಾರಬೇಡಿ ಎಂದು ಗೋಗರೆದಿದ್ದವನು ಮಾದಣ್ಣ ಒಬ್ಬನೇ.

ಇವರು ಹೋದಾಗ ಮಾದಣ್ಣ ಗೇಟಿನ ಆಚೆ ತಲೆ ತಗ್ಗಿಸಿ ನಿಂತಿದ್ದ. ಪಡಸಾಲೆಯ ಪಕ್ಕದ ಮಾಡಿನ ಕೆಳಗೆ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಸಿದ್ದಮಲ್ಲಪ್ಪನವರ ದನಿ ಬೀದಿಯ ತನಕ ಕೇಳುತ್ತಿತ್ತು.

“ಉಂಡ ಮನೆ ಜಂತೆ ಎಣಿಸೋ ಕೆಲ್ಸ ಮಾಡವ್ನೆ ಕಣಮ್ಮ. ಎಂಜಿನ್ನಿಗೆ ಮದ್ದು ಹಾಕವ್ನೆ. ಈಚೆಗೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಎಂಜಿನ್ ಎಣ್ಣೆ ಕುಡಿಯೋದಿರ್ಲಿ, ಅಳತೆ ಕಡ್ಡೀಲಿ ನೋಡುದ್ರೆ ಎಣ್ಣೆ ಏರ್ತಾನೇ ಇತ್ತು.”

“ಪಂಪು ಸೋರ್ತಿದ್ದದ್ದು ಯಾರಿಗೆ ಗೊತ್ತಿತ್ತು?” ಎಂದು ಶಶಿರೇಖಾ ಕೇಳಿದರು.

“ಎಲ್ರಿಗೂ ಗೊತ್ತಿತ್ತು. ಇವನು ಹಬ್ಬಕ್ಕೆ ಅಂತ ತನ್ನೂರು ಚಂದಕವಾಡಿಗೆ ಹೋದ. ಆಮೇಲೆ ನೋಡುದ್ರೆ ಸೋರೋದು ನಿಂತಿತ್ತು. ರಿಪೇರಿ ಮಾಡೇ ಹೋಗವ್ನೆ ಅಂದ್ಕಂಡೆ.”

“ನಾನು ಯಜಮಾನ್ರು ಮಾಡಿಸವ್ರೆ ಅಂದ್ಕಂಡೆ,” ಎಂದ ಮಾದಣ್ಣ. ಗೇಟು ದಾಟಿ ಒಳಗೆ ಮಾತ್ರ ಬರಲಿಲ್ಲ.

ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಯಜಮಾನರ ತಮ್ಮನ ಮಗ ಮಹದೇವ, ಯಾರೂ ಕೇಳದೆಯೇ ಮುಂದೆ ಬಂದ. “ಕಾರು ನಂಗೆ ಕೊಡಿ ಅಂದಿದ್ದೆ ನಿಜ ಮೇಡಮ್. ಅಂಗಂತ ನಾನ್ಯಾಕೆ ಮುಟ್ಟಲಿ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ, ಇವನೇ ಸರಿ ಎಂದು ರಂಜಿನಿ ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿಬಿಟ್ಟಳು.

ಶಶಿರೇಖಾ ಮಾತ್ರ ಕಾರಿನ ಸುತ್ತ ಬಂದರು. ಹಿಂದೆ ಬಗ್ಗಿ, ಟ್ಯಾಂಕಿನ ಅಡಿಯಲ್ಲಿ ಒಣಗಿದ ಒಂದು ತೇಪೆ ತೋರಿಸಿ, “ಇದೇನು ಮಾದಣ್ಣ?” ಎಂದರು.

“ಬಾರ್ ಸೋಪು ಕಣವ್ವ. ಸೋಪು ಪೆಟ್ರೋಲಿಗೆ ಕರಗಕ್ಕಿಲ್ಲ. ಡ್ರೈವರ್‌ಗಳೆಲ್ಲ ಅದ್ನೇ ಮೆತ್ತೋದು.”

ಎಂಜಿನ್ನಿನ ಬಳಿ ಬಂದಾಗ ರಂಜಿನಿಯೇ, “ಥೂ, ಇಲ್ಲೂ ಇರುವೆ,” ಎಂದು ಕೈ ಕೊಡವಿಕೊಂಡಳು. ಚಕ್ರದ ಮೇಲಿಂದ ಹತ್ತಿದ ಸಾಲು ಪಂಪಿನ ಕಡೆಗೆ ಹೋಗುತ್ತಿತ್ತು. ಕಾರಿಗೆ ಎರಡೇ ಮಾರು ದೂರದಲ್ಲಿ ಹೊಸ್ತಿಲು, ಅದರ ಪಕ್ಕದ ಗೂಡಿನಲ್ಲಿ ಸಂಜೆಯ ದೀಪದ ಮಸಿ. ನೆಲದ ಮೇಲಿನ ಹಳೇ ಪೆಟ್ರೋಲ್ ಕಲೆ ಆ ಗೂಡಿನ ಬುಡದವರೆಗೂ ಹರಿದಿತ್ತು.

ಅಷ್ಟರಲ್ಲಿ ಯಜಮಾನರ ಹೆಂಡತಿ ಚಿಕ್ಕಮಲ್ಲಮ್ಮ ಎಲೆ ಅಡಿಕೆ ತಟ್ಟೆ ತಂದರು. ಉಳುಕಿದ ಮಣಿಕಟ್ಟಿಗೆ ಏನೋ ಪಟ್ಟು ಹಾಕಿಕೊಂಡಿದ್ದರು. “ಮದ್ದು ಗಿದ್ದು ಹಾಕೋ ಮನ್ಸ ಅಲ್ಲ ಕಣವ್ವ ಮಾದಣ್ಣ,” ಎಂದು ಪಿಸುಗುಟ್ಟಿದವರು, “ನಿಂಗೇನ್ ಗೊತ್ತು? ಒಳಕ್ಕೋಗು,” ಎಂಬ ಗಂಡನ ಗದರಿಕೆಗೆ ಸರಕ್ಕನೆ ಒಳಗೆ ಹೋದರು. ರಂಜಿನಿಗೆ ಮೈಯೆಲ್ಲ ಉರಿದುಹೋಯಿತು.

ಶಶಿರೇಖಾ ಒಂದು ಲೋಟ ನೀರು ತರಿಸಿದರು. ಪಂಪಿನ ತೂತಿಗೆ ಮೆತ್ತಿದ್ದರ ಚೂರನ್ನು ಕೆರೆದು ಅದರಲ್ಲಿ ಹಾಕಿದರು. ಆಮೇಲೆ ಗೇಟಿನ ಆಚೆಯಿದ್ದವನನ್ನೂ ಒಳಗಿದ್ದವರನ್ನೂ ಪಡಸಾಲೆಗೆ ಕರೆಸಿ ಕೂರಿಸಿದರು.

“ಪಂಪಿನೊಳಗೆ ಒಂದು ರಬ್ಬರಿನ ಪೊರೆ ಇರುತ್ತೆ. ಅದು ಹರಿದರೆ ಪೆಟ್ರೋಲು ತಳದ ತೂತಿನಿಂದ ಹೊರಗೆ ತೊಟ್ಟಿಕ್ಕುತ್ತೆ. ತೂತು ಮುಚ್ಚಿದರೆ ಎಂಜಿನ್ನಿನ ಒಳಕ್ಕೆ ಇಳಿದು ಎಣ್ಣೆಗೆ ಬೆರೆಯುತ್ತೆ. ಯಜಮಾನರೇ, ನಿಮ್ಮ ಕಡ್ಡಿಯಲ್ಲಿ ಏರುತ್ತಿದ್ದದ್ದು ಎಣ್ಣೆಯಲ್ಲ, ಪೆಟ್ರೋಲು. ಎಣ್ಣೆ ನೀರಿನಂತೆ ತೆಳ್ಳಗಾಗಿ ಎಂಜಿನ್ ಸವೆದುಹೋಯಿತು. ಇದು ತಿಳಿದವರು ಆ ತೂತು ಮುಚ್ಚುವುದಿಲ್ಲ. ಹಾಳು ಮಾಡಲೆಂದೇ ಮುಚ್ಚುವುದಾದರೆ ಮಾದಣ್ಣನ ಕೈ ಸೋಪಿಗೆ ಹೋಗುತ್ತಿತ್ತು, ಮಹದೇವನ ಕೈ ಅಂಗಡಿಯ ಅಂಟಿಗೆ ಹೋಗುತ್ತಿತ್ತು. ಇದು ನೋಡಿ, ನೀರಲ್ಲಿ ಕರಗಿ ತಳದಲ್ಲಿ ಸುಣ್ಣ ಕೂತಿದೆ. ಸಿಹಿ ಇದೆ ಅಂತ ಇರುವೆಗಳು ಆಗಲೇ ಹೇಳಿದವು.”

“ಸುಣ್ಣ, ಬೆಲ್ಲ,” ಎಂದಳು ರಂಜಿನಿ. ಸೋರುವ ಪಾತ್ರೆಗೆ ಅವಳ ಅಜ್ಜಿಯೂ ಅದನ್ನೇ ಮೆತ್ತುತ್ತಿದ್ದರು. ಉಳುಕಿಗೂ ಅದೇ ಪಟ್ಟು. ಅವಳ ಕಣ್ಣು ತಾನಾಗಿಯೇ ಚಿಕ್ಕಮಲ್ಲಮ್ಮನವರ ಮಣಿಕಟ್ಟಿನ ಕಡೆ ಹೊರಳಿತು. ಮಹದೇವನಿಗೆ ತೊಡಿಸಿದ್ದ ಬೇಡಿಯನ್ನು ನಾಚಿಕೆಯಿಂದ ಬಿಚ್ಚಿದಳು.

ಶಶಿರೇಖಾ ಬಾಯಿ ತೆರೆಯುವ ಮೊದಲೇ ಮಾದಣ್ಣ ಎದ್ದು ನಿಂತ. “ನಾನೇ ಮೆತ್ತಿದ್ದು ಕಣವ್ವ. ಕಂಪ್ಲೇಂಟ್ ಕೊಡ್ಲಿ ಬುಡಿ.”

“ಸುಳ್ಳಾಡ್ಬೇಡ ಕಣ ಮಾದಣ್ಣ,” ಎಂದು ಚಿಕ್ಕಮಲ್ಲಮ್ಮ ಮುಂದೆ ಬಂದರು. “ಸೋರೋ ಜಾಗ ನೀನೇ ತೋರ್ಸಿದ್ದೆ. ನೀನು ಊರಿಗೋದ್ ಮೇಲೆ ನಾನೇ ಮೆತ್ತಿದೆ. ದೀಪದ ತಾವ್ಕೇ ಪೆಟ್ರೋಲು ಅರೀತಿತ್ತಲ್ಲ, ಮನೆಗೆ ಬೆಂಕಿ ಬಿದ್ದಾತು ಅಂತ ಎದ್ರಿಕೆ ಆಯ್ತು. ಅದ್ರಿಂದ್ಲೇ ಕಾರು ಕೆಡ್ತು ಅಂತ ನಂಗೆ ಯಾರ್ ಹೇಳುದ್ರು? ಮದ್ದು ಹಾಕವ್ರೆ ಅಂದ್ರು ಇವ್ರು, ಅಷ್ಟೆ. ಅಲ್ಲ ಕಣವ್ವ, ತೂತಿದ್ರೆ ಮುಚ್ಬೇಕಲ್ವಾ? ಅದ್ಯಾಕಂಗೆ ಬುಟ್ಟವ್ರೆ?”

“ಒಳಗೆ ಕೆಟ್ಟಿರೋದು ಹೊರಗಿನವರಿಗೆ ಕಾಣಲಿ ಅಂತ ಕಣಮ್ಮ,” ಎಂದರು ಶಶಿರೇಖಾ ಮೆಲ್ಲಗೆ.

ಸಿದ್ದಮಲ್ಲಪ್ಪನವರು ಮಾದಣ್ಣನ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತೇನ್ಲಾ?”

“ಕಾರು ನಿಂತ್ ಮೇಲೆ ನೋಡ್ದೆ. ಬೆಲ್ಲದ ವಾಸ್ನೆ ಬಂತು. ನಿಮ್ಮನೇಲಿ ಸುಣ್ಣ ಬೆಲ್ಲ ಕಲಸೋರು ಇನ್ಯಾರು? ಇಷ್ಟು ವರ್ಸ ಅವ್ವಾರ ಕೈ ಅನ್ನ ತಿಂದಿವ್ನಿ.”

“ಬಾಯಿ ಬುಟ್ಟು ಹೇಳಕೇನಾಗಿತ್ತು?”

“ಹೇಳುದ್ರೆ ನೀವು ಅವ್ವಾರ್ನ ಬೈತಿದ್ರಿ.”

“ನಾನು ಅಷ್ಟೊಂದು ಬೈತೀನಾ?”

ಸಿದ್ದಮಲ್ಲಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮಹದೇವ ನೆಲ ನೋಡಿದ. ಕುಮಾರಿ ಅಪ್ಪನ ತೋಳು ಹಿಡಿದುಕೊಂಡಳು. ಮುದುಕರಿಗೆ ಅಷ್ಟೇ ಸಾಕಾಯಿತು. ಎದ್ದು ಬಂದು ಮಾದಣ್ಣನ ಎರಡೂ ಕೈ ಹಿಡಿದು, “ತಪ್ಪಾಯ್ತು ಕಣ್ಲಾ,” ಎಂದರು.

ಆಮೇಲೆ ಹೆಂಡತಿಯ ಮುಂದೆ ನಿಂತರು. “ನಿನ್ನೂ ಎದ್ರುಸಿ ಎದ್ರುಸಿ ಇಟ್ಬುಟ್ಟಿವ್ನಿ. ಮನ್ಸಲ್ಲಿ ಇಟ್ಕೋಬೇಡ ಕಣಮ್ಮಿ.”

ಅಮ್ಮಿ ಎಂದು ಆ ಕಡೆ ಕರೆಯುವುದು ಎಳೇ ಹುಡುಗಿಯರನ್ನು. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಗಂಡ ಹಾಗೆ ಕರೆದದ್ದೇ ಕೊನೆ. ಚಿಕ್ಕಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎಲ್ಲರ ಎದುರಿಗೇ ಅತ್ತುಬಿಟ್ಟರು.