ಶನಿವಾರದವರೆಗೆ ಖಾಲಿಯಿದ್ದ ಹಾಸಿಗೆ

ಮಂಗಳವಾರ ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ವ್ಯಸನಮುಕ್ತಿ ಕೇಂದ್ರದ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದ. ಶನಿವಾರ ಸೇರಿದ ಇಪ್ಪತ್ತಾರರ ಹುಡುಗ ಮಂಗಳವಾರ ಬೆಳಗಿನ ಜಾವ ಫಿಟ್ಸ್ ಬಂದು ಸತ್ತಿದ್ದ. ತಮ್ಮದೇನೂ ತಪ್ಪಿಲ್ಲ ಎಂದು ಮ್ಯಾನೇಜರ್ ಕೂರುವ ಮೊದಲೇ ಹೇಳಿಬಿಟ್ಟ. ಕೇಳದೆಯೇ ತಪ್ಪಿಲ್ಲ ಎನ್ನುವವರನ್ನು ಇನ್‌ಸ್ಪೆಕ್ಟರ್ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದರು. ಅಸಹಜ ಸಾವೆಂದು ದಾಖಲಿಸಿಕೊಂಡು ಹೆಡ್ ಕಾನ್‌ಸ್ಟೆಬಲ್ ಜೊತೆ ಹೊರಟರು.

ಹತ್ತೂವರೆಗೆ ಪಂಚನಾಮೆ. ಉದ್ದನೆಯ ಹಾಲ್, ಇಪ್ಪತ್ತು ಮಂಚ, ಕಿಟಕಿಗಳಿಗೆ ಜಾಲರಿ. ಮೈಮೇಲೆ ಗಾಯವಿಲ್ಲ, ನಾಲಿಗೆ ಮಾತ್ರ ಕಚ್ಚಿಹೋಗಿತ್ತು. ಡಾಕ್ಟರ್ ಎಲ್ಲಿ ಎಂದರೆ, ಡಾಕ್ಟರ್ ಇಲ್ಲ. ನಿದ್ರೆ ಮಾತ್ರೆಯಂಥ ಚಟ ಬಿಡಿಸುವುದು ಆಸ್ಪತ್ರೆಯ ಕೆಲಸ, ಬಿಟ್ಟವರನ್ನು ಒಂದು ವರ್ಷ ಇಟ್ಟುಕೊಳ್ಳುವುದಷ್ಟೇ ತಮ್ಮದು ಎಂದು ಮ್ಯಾನೇಜರ್ ಲ್ಯಾಬ್ ವರದಿಯನ್ನು ಮುಂದೆ ಹಿಡಿದ. ಶುಕ್ರವಾರದ ಮೂತ್ರ ಪರೀಕ್ಷೆ. ಮಾದಕ ಅಂಶ ಇಲ್ಲ.

ಗುರುವಾರ ಮರಣೋತ್ತರ ವರದಿ ಬಂತು. ರಕ್ತದಲ್ಲಿ ನಿದ್ರೆ ಮಾತ್ರೆಯ ಅಂಶ ಇನ್ನೂ ಉಳಿದಿತ್ತು. ವರ್ಷಗಟ್ಟಲೆ ನುಂಗಿದವನಿಗೆ ವಾರಗಟ್ಟಲೆ ಇಳಿಸುತ್ತ ಬರಬೇಕು, ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ ಎಂದು ಶವಪರೀಕ್ಷೆ ಮಾಡಿದ ಡಾಕ್ಟರ್ ಫೋನಿನಲ್ಲಿ ಹೇಳಿದರು. ಮಂಗಳವಾರವೂ ರಕ್ತದಲ್ಲಿದ್ದದ್ದು ಶುಕ್ರವಾರ ಮೂತ್ರದಲ್ಲಿ ಇರದಿರಲು ಸಾಧ್ಯವಿಲ್ಲ; ಆ ವರದಿ ಶುದ್ಧ ಸುಳ್ಳು.

ಇನ್‌ಸ್ಪೆಕ್ಟರ್ ಫೈಲು ಬಿಚ್ಚಿ ಕೂತರು. ಸೇರ್ಪಡೆ ಅರ್ಜಿಯಲ್ಲಿ ಹುಡುಗನ ಅಕ್ಕನ ಸಹಿ, ವರದಿಯ ಕೆಳಗೆ ಲ್ಯಾಬ್ ಟೆಕ್ನಿಷಿಯನ್ ಸಹಿ. ಎರಡೂ ಒಂದೇ ಕೈಯದು. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡುವಷ್ಟು ಪುರುಸೊತ್ತು ಆ ಕೇಂದ್ರದಲ್ಲಿ ಒಬ್ಬರಿಗೂ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಲ್ಯಾಬ್. ಅಕ್ಕ ಬಿಳಿ ಕೋಟು ಹಾಕಿಕೊಂಡು ಡ್ಯೂಟಿಯಲ್ಲೇ ಇದ್ದಳು. ತಾನೇ ಫ್ರಿಜ್ ತೆಗೆದು ತಮ್ಮನ ಹೆಸರು ಅಂಟಿಸಿದ್ದ ಮೂತ್ರದ ಬಾಟಲಿ ಕೊಟ್ಟಳು.

"ಇದು ಯಾರದು?" ಇನ್‌ಸ್ಪೆಕ್ಟರ್ ಕೇಳಿದರು.

"ನಂದೇ ಸಾರ್."

"ಚೆಲ್ಲಿಬಿಡಬಹುದಿತ್ತಲ್ಲ?"

"ಉಳಿದ ಸ್ಯಾಂಪಲ್ ಏಳು ದಿನ ಇಡ್ಬೇಕು ಸಾರ್. ರೂಲ್ಸು."

ಹೆಡ್ ಕಾನ್‌ಸ್ಟೆಬಲ್ ಮುಖ ಆಚೆ ತಿರುಗಿಸಿಕೊಂಡ. ಬಾಟಲಿ ಸೀಲ್ ಆಯಿತು. ಸುಳ್ಳು ದಾಖಲೆ, ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಹಾಕಿ, ಐದು ನಲವತ್ತಕ್ಕೆ ಮಹಿಳಾ ಕಾನ್‌ಸ್ಟೆಬಲ್ ಎದುರು ಅವಳನ್ನು ಬಂಧಿಸಿದರು.

ಹೇಳಿಕೆ ಎರಡೇ ಪುಟ. ಐದು ತಿಂಗಳು, ಹನ್ನೊಂದು ಕೇಂದ್ರ ಅಲೆದಿದ್ದಳು. ತಿಂಗಳೊಪ್ಪತ್ತು ಇಟ್ಟುಕೊಳ್ಳುವ ಕಡೆಯಿಂದ ತಮ್ಮ ಎರಡು ಸಲ ಮನೆಗೆ ಬಂದು, ವಾರ ತುಂಬುವುದರೊಳಗೆ ಮತ್ತೆ ಮಾತ್ರೆಗೆ ಬಿದ್ದಿದ್ದ. ವರ್ಷ ಇಟ್ಟುಕೊಳ್ಳುವ ಕೇಂದ್ರ ಇದೊಂದೇ. ಮಾತ್ರೆ ಬಿಡಿಸಲು ಆಸ್ಪತ್ರೆಯವರು ಆರು ವಾರ ಕಾಯಿರಿ ಎಂದರು, ಕೇಂದ್ರದವರು ಹಾಸಿಗೆ ಶನಿವಾರದವರೆಗೆ ಮಾತ್ರ ಖಾಲಿ ಇಡುತ್ತೇವೆ ಎಂದರು. ಉಳಿದ ಮಾತ್ರೆಯನ್ನೆಲ್ಲ ಶನಿವಾರ ಅವಳೇ ಕಿತ್ತುಕೊಂಡು ಚರಂಡಿಗೆ ಎಸೆದಿದ್ದಳು.

"ನಾಲ್ಕು ದಿನ ಒದ್ದಾಡ್ತಾನೆ, ಅಲ್ಲಿ ಜನ ಇರ್ತಾರಲ್ಲ, ನೋಡ್ಕೊಳ್ತಾರೆ ಅಂದ್ಕೊಂಡೆ."

ಸಹಿ ಮಾಡಿ ಪೆನ್ನು ಕೆಳಗಿಟ್ಟ ಮೇಲೆ, ಆ ಹಾಸಿಗೆಗೆ ಬೇರೆ ಯಾರಾದರೂ ಬಂದರೇ ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಫೋನ್ ಮಾಡಿದರು. ಆ ದಿನ ಬೆಳಗ್ಗೆಯೇ ತುಂಬಿತ್ತು. ಹೊಸ ಹುಡುಗನ ವರದಿ ಕ್ಲೀನ್ ಇದೆ ಎಂದು ಮ್ಯಾನೇಜರ್ ಖುಷಿಯಿಂದಲೇ ಹೇಳಿದ.

"ಆ ಹುಡುಗನ್ನ ಮೊದಲು ಡಾಕ್ಟರಿಗೆ ತೋರ್ಸಿ ಸಾರ್," ಎಂದಳು ಅಕ್ಕ. "ಅವನ ಮನೆಯವರೂ ನನ್ ಹಾಗೇ ಅಲೆದಿರ್ತಾರೆ."

ಇನ್‌ಸ್ಪೆಕ್ಟರ್ ಕೇಂದ್ರಕ್ಕೆ ಜೀಪು ತೆಗೆಯಲು ಹೇಳಿ ತಾವೇ ಎದ್ದರು.